ಆರ್. ಇ. ಬಿ. ಕ್ರಾಂಪ್ಟನ್

ರೂಕ್ಸ್ ಈವ್ಲಿನ್ ಬೆಲ್ ಕ್ರಾಂಪ್ಟನ್ (31 ಮೇ 1845 – 15 ಫೆಬ್ರವರಿ 1940) ಬ್ರಿಟನ್ನಿನ ವಿದ್ಯುತ್ ಎಂಜಿನಿಯರ್, ಉದ್ಯಮಿ ಹಾಗೂ ಸೇನಾಧಿಕಾರಿ. ಬ್ರಿಟನ್ನಿನಲ್ಲಿ ವಿದ್ಯುದ್ದೀಪಗಳನ್ನೂ ಮನೆಮನೆಗೆ ವಿದ್ಯುತ್ ಪೂರೈಸುವ ವ್ಯವಸ್ಥೆಯನ್ನೂ ಆರಂಭಿಸಿದವರಲ್ಲಿ ಅವರು ಪ್ರಮುಖರು. ವಿದ್ಯುತ್ ಒಲೆ, ಕೆಟಲ್ ಮೊದಲಾದ ಅಡುಗೆಮನೆಯ ಸಲಕರಣೆಗಳನ್ನು ಮಾರಾಟಕ್ಕೆ ತಯಾರಿಸಿದ ಮೊದಲಿಗರ ಸಾಲಿನಲ್ಲಿಯೂ ಅವರ ಹೆಸರಿದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಸ್ಥಾಪನೆಗೆ ಕಾರಣರಾದವರೂ ಅವರೇ. ಯೌವನದ ಸುಮಾರು ಹತ್ತು ವರ್ಷಗಳನ್ನು ಅವರು ಭಾರತದಲ್ಲಿ ಕಳೆದರು.

ಹಾಸನ, ಚನ್ನರಾಯಪಟ್ಟಣ ಸೀಮೆಯ ತೆಂಗಿನ ತೋಟಗಳಲ್ಲಿ ಪಂಪ್‌ಸೆಟ್ಟಿನ ಮೇಲೆ, ಮನೆಗಳಲ್ಲಿ ಫ್ಯಾನಿನ ಮೇಲೆ ಕ್ರಾಂಪ್ಟನ್ ಎಂಬ ಹೆಸರನ್ನು ಓದಿರುವವರು ಅನೇಕರು. ಅದು ಒಬ್ಬ ವ್ಯಕ್ತಿಯ ಹೆಸರೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕ್ರಾಂಪ್ಟನ್ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಥರ್ಸ್ಕ್ ಪಟ್ಟಣದ ಬಳಿಯ ಸಯನ್ ಹಿಲ್ ಎಂಬಲ್ಲಿ ಸ್ಥಿತಿವಂತ ಕುಟುಂಬವೊಂದರಲ್ಲಿ ಜನಿಸಿದರು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಅವರನ್ನು ಕರೆದೊಯ್ದಾಗ ಅವರಿಗೆ ಆರು ವರ್ಷ. ಅಲ್ಲಿ ಅವರ ಮನಸ್ಸನ್ನು ಸೆಳೆದದ್ದು ಯಂತ್ರಗಳ ವಿಭಾಗ. ಕ್ರಿಮಿಯಾ ಯುದ್ಧದ ಕಾಲದಲ್ಲಿ, ಇನ್ನೂ ಹತ್ತು ಹನ್ನೊಂದರ ಬಾಲಕನಾಗಿದ್ದಾಗ, ಬಂಧುವೊಬ್ಬರ ನೌಕೆಯಲ್ಲಿ ಕೆಡೆಟ್ ಎಂದು ಹೆಸರು ಬರೆಸಿಕೊಂಡು ಸೆವಾಸ್ತೊಪೋಲ್‌ವರೆಗೆ ಹೋಗಿಬಂದರು.

ಮುಂದೆ ಅವರು ಪ್ರಸಿದ್ಧವಾದ ಹ್ಯಾರೋ ಶಾಲೆಯಲ್ಲಿ ಓದಿದರು. ಆ ಕಾಲದಲ್ಲಿ ಅಂತಹ ಶಾಲೆಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗಿದ್ದ ಸ್ಥಾನ ವಿಜ್ಞಾನಕ್ಕಿರಲಿಲ್ಲ. ಆದರೂ ಬಾಲಕ ಕ್ರಾಂಪ್ಟನ್ ಸ್ಥಿರ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರವೊಂದನ್ನು ತಾನೇ ತಯಾರಿಸಿದನು. ರಜೆಯ ದಿನಗಳಲ್ಲಿ ಮನೆಯಲ್ಲಿಯೇ ರಸ್ತೆಯ ಮೇಲೆ ಓಡುವ ಉಗಿಬಂಡಿಯೊಂದನ್ನು ಕಟ್ಟತೊಡಗಿದನು. ಅದಕ್ಕೆ ಬ್ಲೂಬೆಲ್ ಎಂದು ಹೆಸರಿಟ್ಟನು.

ಭಾರತದಲ್ಲಿ ಸೇವೆ

1864ರಲ್ಲಿ ಕ್ರಾಂಪ್ಟನ್ ರೈಫಲ್ ಬ್ರಿಗೇಡ್ ಎಂಬ ಪದಾತಿದಳವನ್ನು ಸೇರಿ ಭಾರತಕ್ಕೆ ಬಂದರು. ಸೈನ್ಯದ ಸರಂಜಾಮುಗಳು ಎತ್ತಿನ ಗಾಡಿಗಳಲ್ಲಿ ನಿಧಾನವಾಗಿ ಸಾಗುತ್ತಿದ್ದುದನ್ನು ಕಂಡು, ರಸ್ತೆಯಲ್ಲಿ ಓಡುವ ಉಗಿ ಎಂಜಿನ್‌ಗಳನ್ನು ಬಳಸಬೇಕೆಂದು ಅವರು ಸರ್ಕಾರಕ್ಕೆ ಸೂಚಿಸಿದರು. ವೈಸರಾಯ್ ಲಾರ್ಡ್ ಮೇಯೊ ಇದಕ್ಕೆ ಬೆಂಬಲ ನೀಡಿದರು. ಎಡಿನ್‌ಬರೋದ ಆರ್. ಡಬ್ಲ್ಯು. ಥಾಮ್ಸನ್ ಎಂಬವರು ದಪ್ಪ ರಬ್ಬರ್ ಪಟ್ಟಿಗಳನ್ನು ತೊಡಿಸಿದ ಚಕ್ರಗಳ ಉಗಿ ಎಂಜಿನ್ನನ್ನು ಆಗ ರೂಪಿಸಿದ್ದರು. ಅದೇ ಮಾದರಿಯ ಎಂಜಿನ್‌ಗಳನ್ನು ಭಾರತಕ್ಕಾಗಿ ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದಲ್ಲಿ ತಯಾರಿಸಲಾಯಿತು. ಅವುಗಳಿಗೆ ಚೆನಾಬ್, ರಾವಿ ಎಂದು ಪಂಜಾಬಿನ ನದಿಗಳ ಹೆಸರುಗಳನ್ನಿಡಲಾಯಿತು. 1871ರಲ್ಲಿ ರಾವಿ ಎಂಜಿನ್ ಇಪ್ಸ್‌ವಿಚ್‌ನಿಂದ ಎಡಿನ್‌ಬರೋಗೆ ಹೋಗಿ ಹಿಂದಿರುಗಿತು. ರಸ್ತೆಯ ವಾಹನವೊಂದಕ್ಕೆ ಆ ಕಾಲದಲ್ಲಿ ಇದು ದೀರ್ಘವಾದ ಪ್ರಯಾಣ.

ಈ ಉಗಿಬಂಡಿಗಳು ಭಾರತದಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ರೈಲುಮಾರ್ಗಗಳು ಹಬ್ಬಿದಂತೆ ಅವುಗಳ ಅಗತ್ಯ ಕಡಿಮೆಯಾಯಿತು. ಆದರೆ ತಯಾರಕರು ದೂರದಲ್ಲಿರುವ ಯಂತ್ರವೊಂದನ್ನು ನಡೆಸಬೇಕಾದವನಿಗೆ ಅದರ ಬಿಡಿಭಾಗ ಮತ್ತು ದುರಸ್ತಿಯ ಪ್ರಶ್ನೆ ಎಷ್ಟು ದೊಡ್ಡದೆಂಬುದು ಇಲ್ಲಿ ತಿಳಿಯದೆ ಇರಲಾರದು. 1871ರಲ್ಲಿಯೇ ಕ್ರಾಂಪ್ಟನ್ ಅವರ ವಿವಾಹವಾಯಿತು. ಪತ್ನಿಯ ಹೆಸರು ಎಲಿಜಬೆತ್.

ದೀಪದ ಉದ್ಯಮ

1870ರ ದಶಕದ ಮಧ್ಯಭಾಗದಲ್ಲಿ ಸೈನ್ಯದ ಕೆಲಸವನ್ನು ಬಿಟ್ಟು ಇಂಗ್ಲೆಂಡಿಗೆ ಮರಳಿದ ಕ್ರಾಂಪ್ಟನ್, ಎಸೆಕ್ಸ್ ಪ್ರಾಂತ್ಯದ ಚೆಲ್ಮ್ಸ್‌ಫರ್ಡ್ ಪಟ್ಟಣದ ಎಂಜಿನಿಯರಿಂಗ್ ಸಂಸ್ಥೆಯೊಂದರಲ್ಲಿ ಪಾಲುದಾರರಾದರು. ಬಂಧುಗಳಿಗೆ ಸೇರಿದ ಸ್ಟ್ಯಾಂಟನ್ ಕಬ್ಬಿಣದ ಕಾರ್ಖಾನೆಯಲ್ಲಿ ರಾತ್ರಿಯ ಕೆಲಸಕ್ಕೆ ಬೆಳಕು ಬೇಕಾಗಿತ್ತು. ಅದಕ್ಕಾಗಿ ಅವರು ಫ್ರಾನ್ಸ್‌ನಿಂದ ಗ್ರಾಮ್ ಡೈನಮೋಗಳನ್ನು ತರಿಸಿದರು. ತರಿಸಿದ ಯಂತ್ರಗಳ ಕೊರತೆಗಳನ್ನು ಕಂಡು, ಅವುಗಳಿಗಿಂತ ಉತ್ತಮವಾದುದನ್ನು ತಾವೇ ತಯಾರಿಸಬಹುದೆಂದು ಭಾವಿಸಿ 1878ರಲ್ಲಿ ಕ್ರಾಂಪ್ಟನ್ ಅಂಡ್ ಕಂಪನಿಯನ್ನು ಸ್ಥಾಪಿಸಿದರು. ಚೆಲ್ಮ್ಸ್‌ಫರ್ಡಿನ ಅವರ ಕಾರ್ಖಾನೆಗೆ ಆರ್ಕ್ ವರ್ಕ್ಸ್ ಎಂಬ ಹೆಸರು ಬಂದಿತು.

ಸ್ವಿಟ್ಜರ್ಲೆಂಡಿನ ಎಮಿಲ್ ಬರ್ಗಿನ್ ಅವರ ಡೈನಮೋವನ್ನು ಕ್ರಾಂಪ್ಟನ್ ಸುಧಾರಿಸಿದರು. ದೀಪಗಳ ಸಂಖ್ಯೆ ಹೆಚ್ಚು ಕಡಿಮೆಯಾದರೂ ವೋಲ್ಟೇಜ್ ಬಹುಮಟ್ಟಿಗೆ ಒಂದೇ ಸಮನಾಗಿರುವಂತೆ ಡೈನಮೋವಿಗೆ ತಂತಿ ಸುತ್ತುವ ಕ್ರಮವೊಂದನ್ನು 1882ರಲ್ಲಿ ಗಿಸ್ಬರ್ಟ್ ಕಾಪ್ ಅವರೊಡನೆ ರೂಪಿಸಿದರು. ವಿಂಡ್ಸರ್ ಅರಮನೆ, ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣ ಮೊದಲಾದ ಕಡೆಗಳಲ್ಲಿ ಅವರ ಸಂಸ್ಥೆ ದೀಪಗಳನ್ನು ಅಳವಡಿಸಿತು. 1881ರಲ್ಲಿ ವಿಯೆನ್ನಾದ ರಿಂಗ್ ನಾಟಕಶಾಲೆ ಗ್ಯಾಸ್ ದೀಪದ ಬೆಂಕಿಯಿಂದ ಸುಟ್ಟು ನೂರಾರು ಜನ ಸತ್ತಿದ್ದರು. ಅನಂತರದ ವರ್ಷಗಳಲ್ಲಿ ಅದೇ ನಗರದ ಒಪೆರಾ ಮಂದಿರಕ್ಕೆ ವಿದ್ಯುದ್ದೀಪದ ವ್ಯವಸ್ಥೆ ಮಾಡುವ ಹೊಣೆಯನ್ನು ಕ್ರಾಂಪ್ಟನ್ ವಹಿಸಿಕೊಂಡರು.

1886ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್ ಕೋರ್ಟ್ ಬಡಾವಣೆಗಾಗಿ ಅವರು ವಿದ್ಯುತ್ ಕಂಪನಿಯೊಂದನ್ನು ಕಟ್ಟಿದರು. ನೆಲದಡಿಯ ಕಾಲುವೆಗಳಲ್ಲಿ ತಾಮ್ರದ ಪಟ್ಟಿಗಳನ್ನು ಹಾಸಿ ಮನೆಗಳಿಗೆ ನೇರ ವಿದ್ಯುತ್ತನ್ನು ಒದಗಿಸಲಾಗುತ್ತಿತ್ತು. ರಾತ್ರಿ ಎಂಜಿನ್ ನಿಂತಾಗ ಬ್ಯಾಟರಿಗಳು ದೀಪವನ್ನು ಉರಿಸುತ್ತಿದ್ದವು. ಕ್ರಾಂಪ್ಟನ್ ಮುಂದೆ ಅದೇ ಬಡಾವಣೆಯಲ್ಲಿ ಮನೆ ಮಾಡಿಕೊಂಡರು.

ಇದೇ ಕಾಲದಲ್ಲಿ ಸೆಬಾಸ್ಟಿಯನ್ ಡಿ ಫೆರಾಂಟಿ ಅವರು ಡೆಟ್‌ಫರ್ಡ್‌ನಲ್ಲಿ 10,000 ವೋಲ್ಟ್‌ಗಳ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸಿ ದೂರಕ್ಕೆ ಸಾಗಿಸಲು ಹೊರಟಿದ್ದರು. ಕ್ರಾಂಪ್ಟನ್ ನೇರ ವಿದ್ಯುತ್ತಿನ ಪಕ್ಷ ವಹಿಸಿದರು. ಬಡಾವಣೆಯೊಳಗಿನ ಪೂರೈಕೆಗೆ ಆಗ ಅವರ ವಾದದಲ್ಲಿ ಹುರುಳಿತ್ತು. ದೂರಕ್ಕೆ ಸಾಗಿಸುವ ವಿಷಯದಲ್ಲಿ ಮಾತ್ರ ಅವರ ಎಣಿಕೆ ತಪ್ಪಾಯಿತು. ಕನ್ನಡ ನಾಡಿನಲ್ಲಿಯೇ ಇದಕ್ಕೆ ನಿದರ್ಶನವುಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರ ವಿದ್ಯುತ್ ಹರಿದದ್ದು ಪರ್ಯಾಯ ವಿದ್ಯುತ್ತಿನ ರೂಪದಲ್ಲಿ. ಕೆನ್ಸಿಂಗ್ಟನ್ನಿನ ಮಾದರಿಯಿಂದ ಅದು ಸಾಧ್ಯವಾಗುತ್ತಿರಲಿಲ್ಲ.

ವಿದ್ಯುತ್ ಒಲೆ

ಹಗಲಿನಲ್ಲಿ ದೀಪಗಳು ಉರಿಯುವುದಿಲ್ಲ. ಆದುದರಿಂದ ದೀಪಕ್ಕೆಂದೇ ಕಟ್ಟಿದ ವಿದ್ಯುತ್ ಕೇಂದ್ರಗಳು ದಿನದ ಬಹುಪಾಲು ಕೆಲಸವಿಲ್ಲದೆ ಇರುತ್ತಿದ್ದವು. ಹಗಲಿನ ವಿದ್ಯುತ್ತಿಗೆ ಬಳಕೆ ಹುಡುಕುವುದು ಪೂರೈಕೆದಾರರೆಲ್ಲರ ಚಿಂತೆಯಾಗಿತ್ತು. ಅಡುಗೆಮನೆ ಅಂತಹ ಒಂದು ದಾರಿ. 1891–92ರ ಚಳಿಗಾಲದಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಕ್ರಾಂಪ್ಟನ್ ಸಂಸ್ಥೆ ವಿದ್ಯುತ್ತಿನಿಂದ ಅಡುಗೆ ಮಾಡುವ ಸಲಕರಣೆಗಳನ್ನು ಇರಿಸಿತು. 1890ರ ದಶಕದ ಮಧ್ಯಭಾಗದ ಹೊತ್ತಿಗೆ ಒಲೆ, ಕೆಟಲ್, ಬಾಣಲೆ, ಇಸ್ತ್ರಿಪೆಟ್ಟಿಗೆ ಮುಂತಾದವು ಅದರ ಮಾರಾಟದ ಪಟ್ಟಿಯಲ್ಲಿ ಸೇರಿದ್ದವು. ಎಚ್. ಜೆ. ಡೌಸಿಂಗ್ ಎಂಬವರು ಈ ಕೆಲಸದಲ್ಲಿ ಅವರಿಗೆ ಜೊತೆಯಾಗಿದ್ದರು.

ಒಲೆಯ ತತ್ತ್ವ ಸರಳವಾದುದು. ತಂತಿಯೊಂದರಲ್ಲಿ ವಿದ್ಯುತ್ ಹರಿದಾಗ ಅದರ ರೋಧಕ್ಕೆ ತಕ್ಕಂತೆ ಶಾಖ ಹುಟ್ಟುತ್ತದೆ ಎಂಬುದನ್ನು ಜೇಮ್ಸ್ ಜೂಲ್ 1840ರ ದಶಕದ ಆರಂಭದಲ್ಲಿಯೇ ತೋರಿಸಿದ್ದರು. ಕಷ್ಟವಿದ್ದುದು ತಂತಿಯಲ್ಲಿ. ಆಗ ದೊರೆಯುತ್ತಿದ್ದ ಕಬ್ಬಿಣ, ನಿಕಲ್, ಜರ್ಮನ್ ಸಿಲ್ವರ್ ತಂತಿಗಳು ಗಾಳಿಯಲ್ಲಿ ಕೆಂಪಗೆ ಕಾದರೆ ಬೇಗನೆ ಆಕ್ಸೈಡ್ ಆಗಿ ಸವೆದು ತುಂಡಾಗುತ್ತಿದ್ದವು. ಪ್ಲಾಟಿನಂ ಬಾಳಿಕೆ ಬರುತ್ತದೆ, ಆದರೆ ಅದರ ಬೆಲೆ ಯಾವ ಅಡುಗೆಮನೆಗೂ ನಿಲುಕುವಂತಹದಲ್ಲ. ತಂತಿಗೆ ಗಾಳಿ ತಗುಲದಂತೆ ಮಾಡುವುದೇ ಉಳಿದ ಉಪಾಯ. ಆದ್ದರಿಂದ ಬೀಡು ಕಬ್ಬಿಣದ ತಟ್ಟೆಯ ಮೇಲೆ ಎನಾಮಲ್ ಪದರವನ್ನು ಹಚ್ಚಿ, ಅದರೊಳಗೆ ತಂತಿಯನ್ನು ಹುದುಗಿಸಿ ಸುಡಲಾಗುತ್ತಿತ್ತು. ಎನಾಮಲ್ ಗಾಜಿನ ಜಾತಿಯದು. ಅದು ಗಾಳಿಯನ್ನು ತಡೆಯುತ್ತದೆ, ಕಬ್ಬಿಣದ ತಟ್ಟೆಗೆ ವಿದ್ಯುತ್ ಹರಿಯದಂತೆಯೂ ನೋಡಿಕೊಳ್ಳುತ್ತದೆ.

ನೋಡಲು ಅಚ್ಚುಕಟ್ಟಾಗಿದ್ದ ಈ ಏರ್ಪಾಡಿನ ದೋಷ ಬಳಕೆಯಲ್ಲಿ ಹೊರಬಂದಿತು. ಕಬ್ಬಿಣ, ಎನಾಮಲ್, ತಂತಿ ಇವು ಮೂರೂ ಕಾದಾಗ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ದಿನವೂ ಕಾದು ಆರಿದಂತೆ ಎನಾಮಲ್‌ನಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಬಿರುಕಿನ ಮೂಲಕ ಗಾಳಿ ಒಳಹೊಕ್ಕ ಕಡೆ ತಂತಿ ಸವೆಯುತ್ತದೆ, ಸವೆದು ತೆಳುವಾದ ಕಡೆ ಇನ್ನೂ ಹೆಚ್ಚು ಕಾಯುತ್ತದೆ, ಕೊನೆಗೆ ಅಲ್ಲಿಯೇ ತುಂಡಾಗುತ್ತದೆ. ತುಂಡಾದ ಜಾಗ ಎನಾಮಲ್‌ನ ಒಳಗಿರುವುದರಿಂದ ಅದನ್ನು ಬೆಸೆಯಲು ಬರುವುದಿಲ್ಲ. ಇಡೀ ತಟ್ಟೆಯನ್ನೇ ಬದಲಿಸಬೇಕು. ಸೌದೆಯ ಒಲೆಯಾದರೆ ಮನೆಯವರೇ ಮಣ್ಣು ಮೆತ್ತಿ ಸರಿಮಾಡಿಕೊಳ್ಳಬಹುದು. ಇಷ್ಟೊಂದು ಬೆಲೆಯ ಒಲೆಯನ್ನು ಕೊಂಡವನಿಗೆ ಆ ಅನುಕೂಲ ಇರಲಿಲ್ಲ. ವಿದ್ಯುತ್ತಿನ ದರವೂ ಗ್ಯಾಸ್‌ಗಿಂತ ಬಹಳ ಹೆಚ್ಚಾಗಿತ್ತು. ಈ ಎರಡು ಕಾರಣಗಳಿಂದ ಕ್ರಾಂಪ್ಟನ್ ಅವರ ಒಲೆ ಶ್ರೀಮಂತರ ಮನೆಗಳನ್ನೂ ಪ್ರದರ್ಶನಗಳನ್ನೂ ದಾಟಿ ಜನಬಳಕೆಗೆ ಬರಲಿಲ್ಲ.

ಸರಿಯಾದ ತಂತಿ ದೊರೆತದ್ದು ಅಮೆರಿಕದಲ್ಲಿ. ಆಲ್ಬರ್ಟ್ ಮಾರ್ಷ್ ಎಂಬ ಲೋಹತಜ್ಞರು ನಿಕಲ್ ಮತ್ತು ಕ್ರೋಮಿಯಂ ಬೆರೆಸಿ ತಯಾರಿಸಿದ ಮಿಶ್ರಲೋಹಕ್ಕೆ 1906ರಲ್ಲಿ ಪೇಟೆಂಟ್ ಪಡೆದರು. ಇಂದು ನೈಕ್ರೋಮ್ ಎಂದು ಕರೆಯುವುದು ಇದನ್ನೇ. ಇದರ ಸಾಮಾನ್ಯ ರೂಪದಲ್ಲಿ ನಿಕಲ್ ಸುಮಾರು 80 ಭಾಗ, ಕ್ರೋಮಿಯಂ 20 ಭಾಗ ಇರುತ್ತದೆ. ಕಾದಾಗ ಅದರ ಮೈಮೇಲೆ ಮೂಡುವ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ಎನಾಮಲ್ ಮಾಡಬೇಕಾಗಿದ್ದ ಕೆಲಸವನ್ನು ತಂತಿಯೇ ಮಾಡಿಕೊಂಡಂತಾಯಿತು. ತಂತಿಯನ್ನು ಹುದುಗಿಸುವ ಅಗತ್ಯ ತಪ್ಪಿ, ಸುರುಳಿ ಸುತ್ತಿ ಸುಟ್ಟಮಣ್ಣಿನ ತಟ್ಟೆಯ ಕಾಲುವೆಯಲ್ಲಿ ತೆರೆದಂತೆ ಕೂರಿಸಲು ಸಾಧ್ಯವಾಯಿತು. ಕರ್ನಾಟಕದ ಮನೆಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಕಾಯಿಲ್ ಒಲೆ ಈ ಬಗೆಯದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ಕಾಯಿಲ್ ಒಲೆಯನ್ನು ಸಾಧ್ಯವಾಗಿಸಿದ ತಂತಿ ಹುಟ್ಟಿದ್ದು ಹೆಚ್ಚುಕಡಿಮೆ ಅದೇ ಸಮಯದಲ್ಲಿ.

ಹಳೆಯ ಒಲೆಗಳ ದುರಸ್ತಿ

ಕ್ರಾಂಪ್ಟನ್ ಕಾಲದ ಒಲೆಗಳಿಗೂ ಅನಂತರದ ಒಲೆಗಳಿಗೂ ಇರುವ ಭೇದ ಅವುಗಳನ್ನು ದುರಸ್ತಿ ಮಾಡುವಾಗ ಸ್ಪಷ್ಟವಾಗುತ್ತದೆ. ಹಳೆಯ ಸಲಕರಣೆಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಮೊದಲು ಅಳೆಯುವುದು ತಂತಿಯ ರೋಧವನ್ನು. ಕಬ್ಬಿಣ ಅಥವಾ ನಿಕಲ್ ತಂತಿಯಲ್ಲಿ ಈ ಅಳತೆ ದಾರಿತಪ್ಪಿಸಬಹುದು. ಅವುಗಳ ರೋಧ ಕಾದಂತೆ ಹಲವು ಪಟ್ಟು ಏರುತ್ತದೆ. ತಣ್ಣಗಿರುವಾಗ ರೋಧ ಕಡಿಮೆ ಕಂಡಿತೆಂದು ತಂತಿಯಲ್ಲಿ ದೋಷವಿದೆಯೆಂದು ತಿಳಿಯಬಾರದು. ನೈಕ್ರೋಮ್‌ನಲ್ಲಿ ತಣ್ಣಗಿನ ಮತ್ತು ಕಾದಾಗಿನ ರೋಧಗಳ ನಡುವೆ ಅಲ್ಪ ವ್ಯತ್ಯಾಸವಷ್ಟೇ ಇರುವುದರಿಂದ ಅಳತೆಯನ್ನು ನಂಬಬಹುದು.

ಎರಡನೆಯದು ವೋಲ್ಟೇಜ್. 100 ವೋಲ್ಟ್‌ಗೆಂದು ತಯಾರಾಗಿ 10 ಆಂಪಿಯರ್ ಎಳೆಯುವ ಒಲೆಯ ಶಕ್ತಿ 1,000 ವ್ಯಾಟ್, ಕಾದಾಗಿನ ರೋಧ 10 ಓಮ್. ರೋಧ ಬದಲಾಗದೆಂದೇ ಇಟ್ಟುಕೊಂಡರೂ ಅದನ್ನು ಇಂದಿನ 230 ವೋಲ್ಟ್‌ಗೆ ಜೋಡಿಸಿದರೆ 5,000 ವ್ಯಾಟ್‌ಗೂ ಹೆಚ್ಚು ಶಕ್ತಿ ಹರಿದು ತಂತಿ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ನೇರ ವಿದ್ಯುತ್ತಿಗೆ ಮಾಡಿದ ಒಲೆಯೆಂಬುದು ಇಲ್ಲಿ ಅಡ್ಡಿಯಲ್ಲ. ವೋಲ್ಟೇಜ್ ಹೊಂದಿದರೆ ತಂತಿ ಎರಡರಿಂದಲೂ ಒಂದೇ ರೀತಿ ಕಾಯುತ್ತದೆ.

ಕಾಯಿಲ್ ಒಲೆಯಲ್ಲಿ ಸುರುಳಿ ತುಂಡಾದರೆ ಎರಡು ತುದಿಗಳನ್ನು ಎಳೆದು ಹೆಣೆದು ಮತ್ತೆ ಉರಿಸುವುದು ಮನೆಗಳಲ್ಲಿ ರೂಢಿಯಾಗಿತ್ತು. ಕ್ರಾಂಪ್ಟನ್ ಅವರ ಎನಾಮಲ್ ತಟ್ಟೆಯಲ್ಲಿ ಅಸಾಧ್ಯವಾಗಿದ್ದುದು ಇಲ್ಲಿ ಐದು ನಿಮಿಷದ ಕೆಲಸ. ಆದರೆ ಹಾಗೆ ಹೆಣೆದಾಗ ತಂತಿಯ ಉದ್ದ ಕಡಿಮೆಯಾಗುತ್ತದೆ. 1,000 ವ್ಯಾಟ್ ಸುರುಳಿಯಲ್ಲಿ ಹತ್ತನೆಯ ಒಂದು ಭಾಗ ಹೋದರೆ ಶಕ್ತಿ ಸುಮಾರು 1,110 ವ್ಯಾಟ್‌ಗೆ ಏರುತ್ತದೆ, ಇನ್ನೂ ಅಷ್ಟೇ ಹೋದರೆ 1,250ಕ್ಕೆ. ಒಲೆ ಮೊದಲಿಗಿಂತ ಚೆನ್ನಾಗಿ ಉರಿಯುತ್ತಿದೆ ಎಂದು ಮನೆಯವರಿಗೆ ತೋರುವುದು ಇದರಿಂದಲೇ. ಆದರೆ ತಂತಿಯ ಆಯುಸ್ಸು ಅಷ್ಟೇ ಬೇಗ ಮುಗಿಯುತ್ತದೆ. ಸಡಿಲವಾಗಿ ಹೆಣೆದ ಗಂಟು ಉಳಿದ ಭಾಗಕ್ಕಿಂತ ಹೆಚ್ಚು ಕಾಯುವುದರಿಂದ ಮುಂದಿನ ಸಲ ತಂತಿ ತುಂಡಾಗುವುದು ಬಹುಮಟ್ಟಿಗೆ ಅಲ್ಲಿಯೇ. ಅದೇ ವ್ಯಾಟ್‌ನ ಹೊಸ ಸುರುಳಿ ಹಾಕುವುದೇ ಸರಿಯಾದ ದುರಸ್ತಿ. ತೆರೆದ ಸುರುಳಿಗೆ ಲೋಹದ ಸೌಟು ತಗುಲಿದರೂ ಪ್ರಾಣಾಪಾಯವುಂಟು. ಆದ್ದರಿಂದ ಪ್ಲಗ್ಗನ್ನು ಕಳಚದೆ ಒಲೆಯನ್ನು ಮುಟ್ಟಬಾರದು, ದುರಸ್ತಿಯ ನಂತರ ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸದೆ ಬಳಸಬಾರದು. ಇಪ್ಪತ್ತನೆಯ ಶತಮಾನದ ಹಳೆಯ ದೊಡ್ಡ ಒಲೆಗಳಲ್ಲಿ ಶಾಖ ತಡೆಯಲು ಕಲ್ನಾರನ್ನು ತುಂಬಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿಯಾದುದರಿಂದ ಅಂತಹವನ್ನು ಮನೆಯಲ್ಲಿ ಬಿಚ್ಚುವುದು ತರವಲ್ಲ.

ಈಗಿನ ಒಲೆ ಮತ್ತು ಗೀಸರ್‌ಗಳಲ್ಲಿ ನೈಕ್ರೋಮ್ ಸುರುಳಿಯನ್ನು ಲೋಹದ ಕೊಳವೆಯೊಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿಯ ನಡುವೆ ಇರಿಸಿ ಮುಚ್ಚಿರುತ್ತಾರೆ. ತಂತಿಯನ್ನು ಹುದುಗಿಸುವ ಕ್ರಾಂಪ್ಟನ್ ಕಾಲದ ವಿಚಾರವೇ ಉತ್ತಮ ತಂತಿಯೊಡನೆ ಮರಳಿ ಬಂದಿದೆ ಎನ್ನಬಹುದು. ಸುರಕ್ಷತೆ ಹೆಚ್ಚಿದೆ. ಕೆಟ್ಟರೆ ಒಳಗಿನ ತಂತಿಯನ್ನು ಬೆಸೆಯಲಾಗದೆಂಬ ಮಾತು ಮಾತ್ರ ಹಾಗೆಯೇ ಉಳಿದಿದೆ.

ಪ್ರಮಾಣೀಕರಣ

ಕ್ರಾಂಪ್ಟನ್ 1895ರಲ್ಲಿ ಮತ್ತು 1908ರಲ್ಲಿ ಎರಡು ಬಾರಿ ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷರಾದರು. ವಿದ್ಯುತ್ತಿನ ನಿಖರ ಅಳತೆಗೆ ಅವರು ರೂಪಿಸಿದ ಪೊಟೆನ್ಷಿಯೋಮೀಟರ್ ಪ್ರಯೋಗಶಾಲೆಗಳಲ್ಲಿ ಬಳಕೆಗೆ ಬಂದಿತು. ಆ ದಿನಗಳಲ್ಲಿ ಊರಿಗೊಂದು ವೋಲ್ಟೇಜ್, ತಯಾರಕನಿಗೊಂದು ಅಳತೆ ಎಂಬ ಸ್ಥಿತಿಯಿತ್ತು. ಒಂದು ಊರಿನ ಉಪಕರಣ ಇನ್ನೊಂದು ಊರಿನಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಅವರು ಪ್ರಮಾಣೀಕರಣದ ಅಗತ್ಯವನ್ನು ಮಂಡಿಸಿದರು. ಅದರ ಫಲವಾಗಿ 1906ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಸ್ಥಾಪನೆಯಾಯಿತು. ಲಾರ್ಡ್ ಕೆಲ್ವಿನ್ ಅದರ ಮೊದಲ ಅಧ್ಯಕ್ಷರು, ಕ್ರಾಂಪ್ಟನ್ ಮೊದಲ ಗೌರವ ಕಾರ್ಯದರ್ಶಿ. ಒಲೆ ಮತ್ತು ಡೈನಮೋಗಳಿಗಿಂತ ಈ ಕೆಲಸವೇ ಅವರಿಂದಾದ ದೊಡ್ಡ ಉಪಕಾರವೆನ್ನಲು ಆಧಾರವಿದೆ. ಅಂಗಡಿಯಲ್ಲಿ ಕೊಂಡ ಬಿಡಿಭಾಗವೊಂದು ಬೇರೆಡೆ ತಯಾರಾದ ಯಂತ್ರಕ್ಕೆ ಸರಿಯಾಗಿ ಕೂರುವುದು ಪ್ರಮಾಣೀಕರಣವಿದ್ದರೆ ಮಾತ್ರ.

ಯುದ್ಧಗಳು ಮತ್ತು ಕೊನೆಯ ವರ್ಷಗಳು

ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಕ್ರಾಂಪ್ಟನ್ ಸ್ವಯಂಸೇವಕ ವಿದ್ಯುತ್ ಎಂಜಿನಿಯರುಗಳ ದಳವನ್ನು ಮುನ್ನಡೆಸಿ ಶೋಧದೀಪಗಳನ್ನು ನಡೆಸಿದರು. ಆಗ ಅವರಿಗೆ 55 ವರ್ಷದ ಆಸುಪಾಸು. ಕರ್ನಲ್ ಕ್ರಾಂಪ್ಟನ್ ಎಂದೇ ಅವರು ಮುಂದೆ ಪರಿಚಿತರಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಟ್ಯಾಂಕ್‌ಗಳನ್ನು ರೂಪಿಸಲು ನೇಮಕವಾಗಿದ್ದ ಸಮಿತಿಗೆ ಸಲಹೆಗಾರರಾದರು. ಅವರ ವಿನ್ಯಾಸಗಳು ನೇರವಾಗಿ ಬಳಕೆಗೆ ಬರಲಿಲ್ಲ. ರಸ್ತೆ ನಿರ್ಮಾಣದ ವಿಷಯದಲ್ಲಿಯೂ ಅವರು ಸರ್ಕಾರಕ್ಕೆ ಸಲಹೆ ನೀಡಿದರು.

1926ರಲ್ಲಿ ಅವರಿಗೆ ಫ್ಯಾರಡೆ ಪದಕ ದೊರೆಯಿತು. 1928ರಲ್ಲಿ ಅವರ ನೆನಪುಗಳ ಪುಸ್ತಕ ಪ್ರಕಟವಾಯಿತು. ರಾಯಲ್ ಸೊಸೈಟಿಯ ಸದಸ್ಯತ್ವ ಬಂದದ್ದು 1933ರಲ್ಲಿ, 88ನೆಯ ವಯಸ್ಸಿನಲ್ಲಿ. ವಿಶ್ವವಿದ್ಯಾನಿಲಯದ ಪದವಿಯಿಲ್ಲದ ಒಬ್ಬ ಕಸುಬುದಾರ ಎಂಜಿನಿಯರಿಗೆ ಅದು ತಡವಾಗಿಯಾದರೂ ಸಂದ ಮನ್ನಣೆ. ಕೊನೆಯ ದಿನಗಳಲ್ಲಿ ಲಂಡನ್ನಿನ ಮನೆಯನ್ನು ಬಿಟ್ಟು ಯಾರ್ಕ್‌ಷೈರಿಗೆ ಮರಳಿದ ಅವರು 1940ರ ಫೆಬ್ರವರಿ 15ರಂದು ಏಜರ್ಲಿ ಚೇಸ್‌ನಲ್ಲಿ ನಿಧನರಾದರು.

ಸಂಸ್ಥೆಯ ಮುಂದಿನ ಇತಿಹಾಸ

ಕ್ರಾಂಪ್ಟನ್ ಅಂಡ್ ಕಂಪನಿ 1927ರಲ್ಲಿ ಪಾರ್ಕಿನ್‌ಸನ್ ಸಂಸ್ಥೆಯೊಡನೆ ಸೇರಿ ಕ್ರಾಂಪ್ಟನ್ ಪಾರ್ಕಿನ್‌ಸನ್ ಆಯಿತು. ಭಾರತದಲ್ಲಿ ಅದು ಗ್ರೀವ್ಸ್ ಕಾಟನ್ ಸಂಸ್ಥೆಯೊಡನೆ ಕೂಡಿ 1937ರಲ್ಲಿ ವ್ಯವಹಾರ ಆರಂಭಿಸಿತು. ಮುಂದೆ ಕ್ರಾಂಪ್ಟನ್ ಗ್ರೀವ್ಸ್ ಎಂದು ಪ್ರಸಿದ್ಧವಾದದ್ದು ಇದೇ. ಮೋಟಾರು, ಟ್ರಾನ್ಸ್‌ಫಾರ್ಮರ್, ಪಂಪು ಮತ್ತು ಫ್ಯಾನುಗಳ ಮೂಲಕ ಸ್ಥಾಪಕರ ಹೆಸರು ಈ ದೇಶದ ಹಳ್ಳಿಗಳನ್ನು ತಲುಪಿತು.